ಯುನಿಟ್ಟಿಗೆ ಎಷ್ಟು

ಬನಹಟ್ಟಿಯ ಈ ಓಣಿಯೊಳಗ ನನ್ನ ಗುರುತು
ಮೊದಲು ನಾಯಿಗೆ ಹತ್ತತೈತಿ, ಆಮ್ಯಾಲೆ ಮಂದಿಗೆ.
ಕೊರಳಾಗ ಬಿಲ್ಲಿನ ಮಷೀನು, ಕಿಸೆದಾಗ ಎರಡು ಸುರುಳಿ ಕಾಗದ,
ಮೀಟರಿನ ಗಾಜು ಒರಸಾಕ ಹಳೇ ಧೋತರದ ಚೂರು.

ಮೊದಲೆಲ್ಲ ಒಂದೇ ಪ್ರಶ್ನೆ: ಯಾಕ ಇಷ್ಟು ಬಂತು?
ಮಾಳಿಗಿ ಮ್ಯಾಲೆ ಕರೀ ಹಲಗಿ ಕುಂತ ಮ್ಯಾಲೆ
ಪ್ರಶ್ನೆ ತಿರುಗಿ ನಿಂತೈತಿ:
ನಮ್ಮ ಬಿಸಿಲಿಗೆ ಕಂಪನಿ ಎಷ್ಟು ಕೊಟ್ಟೈತಿ?
ಅದರ ಬೆನ್ನಿಗೇ, ದನಿ ಇಳಿಸಿ,
ಆ ಮನಿಯವ್ರಿಗೆ?

ಹೇಳಬಾರದು. ಹೇಳಂಗಿಲ್ಲಂತ ಸಹಿ ಮಾಡೀನಿ.
ಓಣಿ ಎಲ್ಲೂ ಸಹಿ ಮಾಡಿಲ್ಲ.

ದಸ್ತಗೀರಸಾಬರ ಕರಾರು ಭಾಳ ಹಳೇದು,
ಹಲಗಿ ನೋಡಿ ಮಂದಿ ನಕ್ಕ ವರ್ಷದ್ದು.
ಯುನಿಟ್ಟಿಗೆ ಒಂಬತ್ತರ ಹತ್ತಿರ, ಇಪ್ಪತ್ತೈದು ವರ್ಷ ಅಲುಗಂಗಿಲ್ಲ.
ಗೋಡೆಯಾಚೆ ನೀಲವ್ವ ಕ್ಯಾದಿಗೇರಿ,
ಮಗಳ ಬಾಣಂತನ ಮುಗಿಸಿ, ಭಿಶಿ ಎತ್ತಿ,
ಹಾಕಸೂದ್ರಾಗ ದರ ಇಳಿದು ಮೂರರ ಮ್ಯಾಲೆ ಚಿಲ್ಲರೆ.
ಚಿಲ್ಲರೆ ಎಷ್ಟಂತ ಕೇಳತಾಳ. ಪೈಸೆ ಬಿಡಂಗಿಲ್ಲ.

"ನಡುವಿನ ಗೋಡೆ ಒಂದೇ, ಸುಣ್ಣ ಇಬ್ಬರೂ ಹಚ್ಚತೀವಿ.
ಆ ಕಡೆ ಬಿದ್ದದ್ದು ಒಂಬತ್ತು, ಈ ಕಡೆ ಬಿದ್ದದ್ದು ಮೂರು.
ಸೇಠಜಿ ಗಂಟಿನಾಗಿಂದ ಕಲೆ ಬಿದ್ದ ಸೀರಿ
ಬ್ಯಾರೆ ತಗದು ಇಡತಾನಲ್ಲ,
ಹಂಗ ಕಲೆ ಬಿದ್ದ ಬಿಸಿಲೇನ್ರೀ ನಮ್ಮದು?"

ಕರಾರಿನ ತಾರೀಖು, ಅಂದೆ.
ಬಿಸಿಲಿಗೆಲ್ಲಿ ತಾರೀಖು, ಅಂದಳು.
ಆಯೋಗ ಅಂದೆ, ಆದೇಶ ಅಂದೆ, ಹಲಗಿ ಅಗ್ಗ ಆದವು ಅಂದೆ.
ಅದು ಖರೇ ಮಾತು, ಅವರು ಕೊಟ್ಟ ರೊಕ್ಕದ ಅರ್ಧಕ್ಕ ಈಕಿಗೆ ಸಿಕ್ಕಾವು.
ಅದೊಂದನ್ನ ಮಾತ್ರ ನೀಲವ್ವ ಕಿವಿಗೆ ಹಾಕ್ಕೊಳ್ಳಲಿಲ್ಲ.

ಬದಲಿಗೆ ಬೆರಳು ಮಡಚಿದಳು.
ಹಗಲು ಕೊಡೂದು ಮೂರಕ್ಕ,
ರಾತ್ರಿ ತಿರುಗಿ ತಗೊಳ್ಳೂದು ಏಳಕ್ಕ.
ಸಂತಿಯೊಳಗ ಬದನಿಕಾಯಿ ಮಾರಾಕಿನೂ
ಇಷ್ಟು ನಾಚಿಕಿ ಬಿಡಂಗಿಲ್ಲ.
ಅವತ್ತಿನಿಂದ ಕಂಡಿಕಿ ಸುತ್ತೂ ಮಷೀನು
ರಾತ್ರಿ ಪಾಳಿ ಬಿಟ್ಟು ನಡುಮಧ್ಯಾಹ್ನಕ್ಕ ಬಂತು.
ಉಂಡು ಮಲಗೂ ಹೊತ್ತಿನಾಗ ಗರಗರ ಗರಗರ,
ಓಣಿಯ ಮುದುಕರು ನನಗ ಬೈತಾರ.

ಈ ಸಲ ಹ್ವಾದಾಗ ಹಳೇ ಬಿಲ್ಲು ತಂದು ಹರವಿದಳು,
ಹನ್ನೊಂದು ತಿಂಗಳದ್ದು, ಹೋಲಿಸಿ ಹೇಳ್ರಿ ಅಂತ.
ಕಿಡಕಿ ಕಟ್ಟಿ ಮ್ಯಾಲೆ ಇಟ್ಟಿದ್ದಳು, ಬಿಸಿಲಿನಾಗ.
ಒಂದರಾಗೂ ಅಂಕಿ ಇಲ್ಲ.
ತೆಳ್ಳನ ಹಳದಿ ಕಾಗದ, ಮೂಲಿಯೊಳಗ ನನ್ನ ಹೆಬ್ಬೆರಳಿನ ಮಸಿ.
ತನ್ನ ದರ ತಾನೇ ತಿಂದು ಹಾಕಿತ್ತು ಬಿಸಿಲು.
ಅಯ್ಯ ಶಿವನ, ಅಂದು ಆಕಿ ನಕ್ಕಳು,
ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭಾಳ ಹೊತ್ತು.

ಆಮ್ಯಾಲೆ ದಸ್ತಗೀರಸಾಬರ ಮೀಟರು.
ಕೊಟ್ಟದ್ದು: ಸೊನ್ನೆ.
ಇನ್ವರ್ಟರು ಸುಟ್ಟು ಎರಡು ತಿಂಗಳು, ಬಿಡಿಭಾಗ
ಹುಬ್ಬಳ್ಳಿಯಿಂದ ಬರತೈತಂತ, ಬರತೈತಂತ.
ಒಂಬತ್ತಲೇ ಸೊನ್ನೆ, ಅಂದರು ಸಾಬರು,
ಮಗ್ಗಿ ಒಪ್ಪಿಸೂ ಹುಡುಗನ ಹಂಗ.
ಗೋಡೆ ಮ್ಯಾಲೆ ನೀಲವ್ವನ ಮಾರಿ ಕಾಣಸ್ತು.
ನಗತಾಳಂತ ನಾ ಕಾದೆ.
"ಹಲಗಿ ಅರೆ ತೊಳೀರಿ, ಧೂಳು ಎಷ್ಟು ಕುಂತೈತಿ ನೋಡ್ರಿ,"
ಅಂದು ಪೈಪು ಈ ಕಡೆ ಇಳಿಬಿಟ್ಟಳು.

ಆಗ ಲೈನು ಹ್ವಾತು.
ನೂರು ಮಗ್ಗ ಒಂದೇ ಏಟಿಗೆ ನಿಂತು
ಓಣಿಗೆ ಕಿವಿ ಬಂದಂಗಾತು.
ನೀಲವ್ವನ ಕಂಡಿಕಿ ಮಷೀನೂ ನಿಂತು ಬಿಟ್ಟಿತ್ತು,
ಕಂಪನಿ ಕಣ್ಣು ಮುಚ್ಚಿದರ ಹಲಗಿಯೂ ಮುಚ್ಚಬೇಕು,
ಅದೂ ಕರಾರಿನಾಗೇ ಐತಿ.
ನೆತ್ತಿ ಮ್ಯಾಲೆ ಮಟಮಟ ಬಿಸಿಲು,
ಒಂಬತ್ತೂ ಅಲ್ಲ ಮೂರೂ ಅಲ್ಲ,
ಪೈಪಿನ ನೀರಿನಾಗ ಸಾಬರ ಅಂಗಳದ ತುಂಬ ಹರೀತಿತ್ತು.

ನನ್ನ ಮಷೀನಿಗೆ ಬ್ಯಾಟರಿ ಇತ್ತು.
ಸೊನ್ನೆಯ ಚೀಟಿ ಹರಿದು ಅವರ ಕೈಯಾಗ ಕೊಟ್ಟು,
ನೆರಳಿನಾಗ ಇಡ್ರಿ, ಅಂದೆ.